ಒಂದೂವರೆ ವೋಲ್ಟ್

ಆನೆ ಬೇಲಿ ಕಟ್ಟುವವನು ನಾನು, ಮೊಯ್ದು.
ಸುಂಟಿಕೊಪ್ಪದಿಂದ ಮಾದಾಪುರದವರೆಗೆ
ಎಷ್ಟು ತೋಟದ ಅಂಚಿಗೆ ತಂತಿ ಎಳೆದಿದ್ದೇನೋ
ಹೆಂಡತಿಗೆ ಗೊತ್ತು, ಬಿಲ್ಲು ಬರೆಯುವವಳು ಅವಳು.
ಎಂಟು ಸಾವಿರ ವೋಲ್ಟ್, ಸೆಕೆಂಡಿಗೊಂದು ಟಿಕ್.
ಆನೆ ಸೊಂಡಿಲು ಚಾಚಿ, ಮುಟ್ಟಿ, ಬೈದುಕೊಂಡು
ಹಿಂದೆ ಸರಿಯಬೇಕು, ಸಾಯಬಾರದು.
ಅಷ್ಟೇ ನನ್ನ ವಿದ್ಯೆ.
ಕೆಲವು ಆನೆ ತಂತಿಯ ಮೇಲೆ ಒಣಮರ ಕೆಡವಿ
ದಾಟಿ ಹೋಗುತ್ತವೆ. ಅದು ಅವುಗಳ ವಿದ್ಯೆ.

ಡಿಸೆಂಬರಿನಲ್ಲಿ ಚೋಂದಮ್ಮ ಕರೆಸಿದರು,
ಪಲ್ಪರ್ ಮನೆಯ ಹಿಂದಿನ ಸಿಮೆಂಟು ತೊಟ್ಟಿಗೆ.
"ಕರೆಂಟು ಬೇಕು ಮೊಯ್ದು."
"ಎಷ್ಟು ಮೇಡಂ?"
"ಒಂದೂವರೆ."
"ಸಾವಿರವೇ?"
"ಅಲ್ಲ. ಬರೀ ಒಂದೂವರೆ."
ಗೋಡೆ ಗಡಿಯಾರದ ಸೆಲ್ಲಿನಷ್ಟು!
ನಗು ಬಂತು, ನುಂಗಿಕೊಂಡೆ.

ತೊಟ್ಟಿಯಲ್ಲಿ ಕಾಫಿ ಹಣ್ಣು ತೊಳೆದ ನೀರು,
ಕಡುಗಪ್ಪು, ಬೆಲ್ಲ ಕೊಳೆತ ಹಾಗೆ ನಾತ.
ವರ್ಷ ವರ್ಷವೂ ಕತ್ತಲಾದ ಮೇಲೆ
ಇದು ತೋಡಿಗೆ ಇಳಿಯುತ್ತಿತ್ತು.
ಯಾರು ಬಿಟ್ಟರೆಂದು ಯಾರೂ ಕೇಳಲಿಲ್ಲ,
ಎಲ್ಲರೂ ಬಿಡುತ್ತಿದ್ದರು.
ಕೆಳಗಿನ ಲೈನ್ ಮನೆಯ ಚೋಮಿ
ಕಾಲು ಕೆರೆದು ಕೆರೆದು ಗಾಯ ಮಾಡಿಕೊಂಡವಳು,
ಏಡಿಗೆಂದು ಕಲ್ಲೆತ್ತಿದರೆ
ಕಲ್ಲಡಿಯೂ ಲೋಳೆ ಅನ್ನುತ್ತಿದ್ದಳು.

ಬಿದ್ದ ಹಾಲುವಾಣದ ಕೊರಡಿನಲ್ಲಿ
ಬೀಸಣಿಗೆಯಂಥ ಅಣಬೆ, ಪದರು ಪದರು.
ಮರದ ಕಂದು ತಿಂದು ಬಿಳುಪು ಉಳಿಸುವ ಜಾತಿ.
ಅದು ಉಗುಳುವ ಕಿಣ್ವ ಒಂದಿದೆಯಂತೆ,
ಅದರ ಹೊಟ್ಟೆಯಲ್ಲಿ ನಾಲ್ಕು ತಾಮ್ರದ ಕಣ.
ತಾಮ್ರ ಎಂದಾಗ ನನ್ನ ಕಿವಿ ನೆಟ್ಟಗಾಯಿತು.
ನೀರಿನ ಕೊಳೆಯಿಂದ ಎಲೆಕ್ಟ್ರಾನು ಕಿತ್ತು
ಒಂದು ತಾಮ್ರದಿಂದ ಇನ್ನೊಂದಕ್ಕೆ ದಾಟಿಸಿ
ಕೊನೆಗೆ ಗಾಳಿಗೆ ಕೊಟ್ಟುಬಿಡುತ್ತದಂತೆ.
"ಅಂದರೆ ಇದೂ ವೈರಿಂಗೇ" ಅಂದೆ.
ಚೋಂದಮ್ಮ ನೋಟ್‌ಬುಕ್ಕಿನಿಂದ ಮುಖ ಎತ್ತಿದರು,
ಮೊದಲ ಸಲ.

ತೊಟ್ಟಿಯ ಎರಡು ಪಕ್ಕ ಎರಡು ಗ್ರಾಫೈಟ್ ಹಲಗೆ,
ನಡುವೆ ಕಣ್ಣಿಗೆ ಏನೂ ಇಲ್ಲ.
ಆ ಏನೂ ಇಲ್ಲದ್ದರಲ್ಲಿ ಕಿಣ್ವ ಒಂಚೂರು ಹೊರಳುತ್ತದೆ,
ಮಡಿಕೆ ಸಡಿಲಿಸುತ್ತದೆ, ಬಾಯಿ ಅಗಲಿಸುತ್ತದೆ,
ಚಳಿಗೆ ಮುದುಡಿದ ಬೆರಳು
ಬಿಸಿನೀರಲ್ಲಿ ಬಿಚ್ಚಿಕೊಂಡ ಹಾಗೆ.
ಹೆಚ್ಚು ಕೊಟ್ಟರೆ ಪೂರಾ ಬಿಚ್ಚಿಹೋಗುತ್ತದೆ.
ಬೆಂದ ಮೊಟ್ಟೆಯನ್ನು
ಮತ್ತೆ ಹಸಿ ಮಾಡಿದವರುಂಟೇ, ಎಂದರು.

ನಾನು ಕೇಳಿಸಿಕೊಂಡೆ. ಆದರೂ
ಹನ್ನೊಂದನೆಯ ರಾತ್ರಿ, ತೋಟದ ಪೂವಯ್ಯ ಬಂದು
ನಾಳೆ ಹೊಸ ಲಾಟು, ತೊಟ್ಟಿ ಖಾಲಿಯಾಗಬೇಕು ಅಂದಾಗ,
ಇಷ್ಟು ಸಣ್ಣದಕ್ಕೆ ಇಷ್ಟು ಕಾಯುವುದೇ ಅನಿಸಿ
ಗುಬಟು ತಿರುಗಿಸಿದೆ.
ಒಂಬತ್ತಕ್ಕೆ.

ಬೆಳಿಗ್ಗೆ ಹಲಗೆಯ ಮೇಲೆಲ್ಲ ನೊರೆ,
ನೀರು ಅಷ್ಟೇ ಕಪ್ಪು, ನಾತ ಮಾತ್ರ ಹೊಸದು.
ಬೇಲಿ ಕೆಟ್ಟರೆ ಟೆಸ್ಟರು ಹಿಡಿದು ಹುಡುಕಬಹುದು.
ಇಲ್ಲಿ ಯಾವುದನ್ನು ಹಿಡಿಯಲಿ?
ಹೇಳಿದೆ. ಹೇಳದೆ ಇರಬಹುದಿತ್ತು,
ಕರೆಂಟು ಹೋಗಿ ಬಂತು ಅಂದರೆ
ಇಲ್ಲಿ ಯಾರೂ ಅನುಮಾನ ಪಡುವುದಿಲ್ಲ.
ಆಕೆ ಬೈಯಲಿಲ್ಲ. ಬರೆದುಕೊಂಡರು:
"ಒಂಬತ್ತು ವೋಲ್ಟ್. ಸತ್ತಿತು. ಮೊಯ್ದು."
ನನ್ನ ಹೆಸರು ಪುಸ್ತಕದಲ್ಲಿ ಬಂದದ್ದು ಹಾಗೆ.

ಮತ್ತೆ ಕೊರಡು, ಮತ್ತೆ ಅಣಬೆ, ಮತ್ತೆ ಕಾಯುವುದು.
ಗುಬಟಿಗೆ ನಾನೇ ಕಪ್ಪು ಟೇಪು ಸುತ್ತಿದೆ.
ಒಂದು ರಾತ್ರಿ ಬೇಲಿಯಾಚೆ ಒಂಟಿ ಸಲಗ,
ಹುಳಿ ವಾಸನೆಗೆ ಬಂದದ್ದು.
ನಾನೊಂದು ಕಡೆ, ಅದೊಂದು ಕಡೆ.
ತಂತಿ ಟಿಕ್, ಟಿಕ್ ಅನ್ನುತ್ತಿತ್ತು.
ತೊಟ್ಟಿಯಲ್ಲಿ ಏನು ನಡೆಯುತ್ತಿತ್ತೋ
ಒಂದು ಸದ್ದೂ ಇಲ್ಲ.

ಜನವರಿ ಕೊನೆಗೆ ಚೋಮಿ ತೊಟ್ಟಿಗೆ ಬಗ್ಗಿ
ಬೆರಳದ್ದಿ ಮೂಸಿದಳು.
ಕಪ್ಪು ಇಳಿದು ತೆಳು ಚಹಾದ ಬಣ್ಣ.
"ಹುಳಿ ಕಮ್ಮಿ" ಅಂದಳು.
"ತೋಡಿಗೆ ಬಿಡಬಹುದೇ? ಏಡಿ ಬರುತ್ತದಾ?"
ಸೀರೆಯ ಅಂಚಿಗೆ ಬೆರಳೊರೆಸಿ
ನನ್ನನ್ನೊಮ್ಮೆ ನೋಡಿದಳು:
"ಅದನ್ನು ಏಡಿಯನ್ನೇ ಕೇಳು."