ಎಂಟೂವರೆ

ಡಾಕ್ಟರು ಕದ ಹಾಕಿ, ಬೋರ್ಡು ತಿರುವಿ,
ಹಲ್ಲು ಕೀಳುವ ಕುರ್ಚಿಯ ಮೇಲೆ ಟವೆಲು ಹಾಸಿ
ಅದನ್ನು ಇಟ್ಟರು.
ಮೊಳದುದ್ದ. ಬೂದಿ ಬಣ್ಣ.
ಎದುರಿಂದ ತೊರಕೆ ಮೀನು,
ಹಿಂದೆ ನಾಲ್ಕು ಹೊಗೆಕೊಳವೆ.
"ಇಂದೂಬಾಯಿ, ಇದು ನಕ್ಷತ್ರಗಳ ನಡುವೆ ಓಡುವ ಹಡಗು.
ಕತೆಯಲ್ಲಿ, ಅಷ್ಟೆ. ಇಂಥವು ಮುನ್ನೂರೇ ಮಾಡಿದ್ದಂತೆ.
ಮುಂಬಯಿಯವ ನೋಡಲಿಕ್ಕೆ ಕಳಿಸಿದ್ದಾನೆ,
ಶನಿವಾರ ಹಡಗು ವಾಪಸು, ಇಲ್ಲ ದುಡ್ಡು.
ಎಷ್ಟು ಅಂತ ಕೇಳಬೇಡಿ.
ಹತ್ತಕ್ಕೆ ಎಷ್ಟು ಕೊಡ್ತೀರಿ, ಅದನ್ನ ಹೇಳಿ."

ನಾನು ಬೈತಖೋಲ ಬಂದರದಲ್ಲಿ
ಇಪ್ಪತ್ತಾರು ವರ್ಷದಿಂದ ದೋಣಿಗೆ ಬಣ್ಣ ಹೊಡೆಯುವವಳು.
ಮೂತಿಗೆ ಕಣ್ಣು, ಕೆನ್ನೆಗೆ ನಂಬರು,
ಬೆನ್ನಿಗೆ ಮಾಲಕನ ಹೆಂಡತಿಯ ಹೆಸರು.
ಹೆಂಡತಿ ಬದಲಾದರೆ ಕೆರೆದು ಮತ್ತೆ ಬರೆಯುವವಳೂ ನಾನೇ.
ಚುಕ್ಕೆಗಳ ಕಡೆಯ ಬಂದರು ಕಂಡವಳಲ್ಲ.
ಹಡಗು ಹಡಗೇ ಅಂದುಕೊಂಡು ಚಾಳೀಸು ಏರಿಸಿದೆ.

ಮೊದಲು ಎತ್ತಿ ನೋಡಿದೆ.
ಭಾರ ಎಲ್ಲಿ ಕೂತಿದೆ ಎಂದು ಅಂಗೈಗೆ ತಿಳಿಯಬೇಕು,
ಹಸುಗೂಸಿನ ತಲೆ ತಿಳಿದ ಹಾಗೆ.
ಉಗುರಿನಿಂದ ತಟ್ಟಿದೆ. ಟೊಳ್ಳಲ್ಲ.
ಆಮೇಲೆ ಮೂಸಿದೆ. ಡಾಕ್ಟರು ನಕ್ಕರು.
ನಗಲಿ. ಅಗ್ಗದ ಬಣ್ಣ ಹತ್ತು ವರ್ಷ ಕಳೆದರೂ
ಸೀಮೆಎಣ್ಣೆ ನಾರುತ್ತದೆ. ಇದು ನಾರಲಿಲ್ಲ.

ಅಚ್ಚಿನ ಎರಡು ಹೋಳು ಕೂಡಿದ ಗೆರೆ
ಹೊಟ್ಟೆಯಡಿ ಇಲ್ಲ, ರೆಕ್ಕೆಯಂಚಿಗೂ ಇಲ್ಲ.
ಕಳ್ಳ ಅಡಗಿದ್ದರೆ ಕೊಳವೆಯೊಳಗೆ ಅಂದೆ.
ಬಾಯಿ ನೋಡುವ ಪುಟ್ಟ ಕನ್ನಡಿ ಕೊಟ್ಟರು, ದೀಪ ಬಗ್ಗಿಸಿದರು.
ನಾಲ್ಕನೆಯದರಲ್ಲಿ ಸಿಕ್ಕಿತು, ಕೂದಲೆಳೆಯಷ್ಟು.
"ಅರ್ಧ ಕಳೆಯಿರಿ."

ಮೈತುಂಬ ಸೂಜಿಮೊನೆಯ ಅಕ್ಷರ.
ಯಾವ ಲೋಕದ ಲಿಪಿಯೋ, ಓದಲಾಗದು.
ಆದರೆ ಸಾಲು ನೆಟ್ಟಗಿದೆ,
ಅಕ್ಷರ ಅಕ್ಷರದ ನಡುವಿನ ಖಾಲಿಗೆ
ಮರ್ಯಾದೆ ಕೊಟ್ಟಿದ್ದಾನೆ ಪುಣ್ಯಾತ್ಮ.

ಎಡವಿದ್ದು ತುಕ್ಕಿನಲ್ಲಿ.
ಮೊಳೆ ಮೊಳೆಯಿಂದಲೂ ಕಂದು ನೀರು ಇಳಿಬಿಟ್ಟಿದ್ದಾನೆ.
"ಡಾಕ್ಟರೇ, ಅಲ್ಲಿ ಮೇಲೆ ಗಾಳಿ ಇದೆಯೆ?"
"ಇಲ್ಲ."
"ಉಪ್ಪು?"
"ಇಲ್ಲ."
"ಮಳೆ?"
ಸುಮ್ಮನಾದರು.
"ಹಾಗಾದರೆ ತುಕ್ಕು ಕೆಳಕ್ಕೆ ಯಾಕೆ ಹರಿಯಿತು?
ಕೆಳಗೆ ಅಂದರೆ ಯಾವ ಕಡೆ ಅಲ್ಲಿ?"
ಯಾವುದೋ ದಕ್ಕೆಯ ಕಬ್ಬಿಣ ನೋಡಿ ಕಲಿತ ತುಕ್ಕು ಇದು.
ನನಗೆ ಅದು ಚಂದವೇ ಕಂಡಿತು. ಆದರೂ ಒಂದು ಕಳೆದೆ.

ಎಡ ರೆಕ್ಕೆಯ ಬುಡದಲ್ಲಿ ಬೆರಳು ನಿಂತಿತು.
ಕಣ್ಣಿಗೆ ಏನೂ ಇಲ್ಲ.
ಮತ್ತೊಮ್ಮೆ ಸವರಿದೆ. ಮತ್ತೆ ಅಲ್ಲೇ ನಿಂತಿತು.
ಒಮ್ಮೆ ಮುರಿದಿದೆ. ಯಾರೋ ಕೂಡಿಸಿದ್ದಾರೆ
ಉಸಿರು ಹಿಡಿದು, ಅಂಟು ಉಕ್ಕದಂತೆ,
ಬಿಸಿಲುಂಡ ಬೂದಿಗೆ ಹೊಸ ಬೂದಿ ಕಲಸಿ.
ಹಳೆಯ ಬಣ್ಣಕ್ಕೆ ಹೊಸದನ್ನು ಹೊಂದಿಸುವುದಿದೆಯಲ್ಲ,
ಎಷ್ಟು ದೋಣಿ ಪೂರ್ತಿ ಬಳಿದುಬಿಟ್ಟಿದ್ದೇನೆ ಅದು ಬಾರದೆ.

ಡಾಕ್ಟರ ಮುಖ ಇಳಿತದ ಕಾಳಿ ಹೊಳೆಯ ಹಾಗೆ ಸಣ್ಣಗಾಯಿತು.
"ಮುಂಬಯಿಯವ ಹೇಳಲೇ ಇಲ್ಲ.
ಮುರಿದದ್ದಕ್ಕೆ ಮೂರು ಕಳೀತಾರೆ, ಪದ್ಧತಿ ಹಾಗೆ."
"ನಿಮ್ಮ ಪದ್ಧತಿ ನಿಮಗೆ.
ಒಂದು ಹಲಗೆಯೂ ಬದಲಾಗದ ದೋಣಿ ಅಂದರೆ
ಕಡಲಿಗೆ ಇಳಿಯದ್ದು.
ಮುರಿದದ್ದಕ್ಕೆ ಒಂದು ಕಳೆಯುತ್ತೇನೆ,
ಕೂಡಿಸಿದವರಿಗೆ ಒಂದು ವಾಪಸು."

ಎಂಟೂವರೆ. ಔಷಧಿ ಚೀಟಿಯ ಮೇಲೆ ಬರೆದುಕೊಂಡರು.
"ಕೊಳ್ಳಲೇ ಹಾಗಾದರೆ?"
"ಅದು ನನ್ನ ಹಲ್ಲು ಕೀಳಿಸಲೇ ಎಂದು
ಹಡಗನ್ನು ಕೇಳಿದ ಹಾಗಾಯಿತು."

ಕೂಲಿಯ ಬದಲು ದವಡೆಗೆ ಸಿಮೆಂಟು, ಮಾತಾಗಿತ್ತು.
ಮಂಗಳವಾರ ಅದೇ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದಾಗ
ಕಪಾಟಿನಲ್ಲಿ, ಪ್ಲಾಸ್ಟರಿನ ದಂತಪಂಕ್ತಿಗಳ ನಡುವೆ
ನಿಂತಿತ್ತು ಅದು,
ಎಡ ರೆಕ್ಕೆ ಗೋಡೆಯ ಕಡೆಗೆ ತಿರುಗಿಸಿ.

ಬಂದರದ ತನಕ ನಡೆದೇ ಬಂದೆ.
ದಾರಿಯುದ್ದಕ್ಕೂ ನಾಲಿಗೆ ಬಿಡಲಿಲ್ಲ,
ಹೊಸ ಸಿಮೆಂಟನ್ನು ಸವರಿ ಸವರಿ
ಗೆರೆ ಹುಡುಕುತ್ತಿತ್ತು.
ಮಂಜುಗಡ್ಡೆಯ ಲಾರಿಗಳು ದಾಟುವ ಹೊತ್ತಿಗೆ
ಒಳಬದಿಗೆ ಸಿಕ್ಕಿತು,
ಕೂದಲೆಳೆಯಷ್ಟು.

ಅರ್ಧ ಕಳೆದೆ.