ಎಲ್ಲಾ ಸ್ಟಾಪಿಗೂ ನಿಲ್ಲೂ ಬಸ್ಸು

ಆವಾಗ ನಾವು ನೂರರ ಬಸ್ಸು ಹತ್ತತಿದ್ದಿಲ್ಲ.
ಅದು ಹೆಸರಿಗೆ ತಕ್ಕ ಚಿಗರಿ,
ಹೊಸೂರಾಗ ಕಾಲು ಎತ್ತಿದ್ರ
ಧಾರವಾಡದಾಗ ಇಡತಿತ್ತು.
ನಮಗ ಇನ್ನೂರರದ್ದ ಬೇಕು.
ಉಣಕಲ್ಲು, ಭೈರಿದೇವರಕೊಪ್ಪ, ನವನಗರ, ರಾಯಾಪುರ,
ಇಳಿಯವರು ಇರಲಿ ಬಿಡಲಿ
ಎಲ್ಲಾ ಕಡೆ ನಿಂತು, ಬಾಗಲಾ ತಗದು,
ಒಂದೀಟು ಗಾಳಿ ಒಳಗ ಬಿಟ್ಕೊಂಡು
ಸಾವಕಾಶ ಹೊಂಡೂದು.
ಅದೂ ಬಂದ್ರ, "ರಶ್ ಐತಿ, ಮುಂದಿಂದಕ್ಕ ಹೋಗೂಣು" ಅಂತಿದ್ದಿ,
ಕಿಡಕ್ಯಾಗ ಖಾಲಿ ಸೀಟು ಕಾಣಾಕತ್ತಿದ್ರೂ.

ಜುಬಿಲಿ ಸರ್ಕಲ್ಲಿನ ತನಕ ಬಂದು
ನನ್ನ ಹಾಸ್ಟೆಲಿನ ಕಡೆ ಕಳಿಸಿ
ಅದ ಪ್ಲಾಟ್‌ಫಾರ್ಮಿನ ಎದುರ ಬಾಗಲಕ್ಕ ನಿಲ್ಲತಿದ್ದಿ.
ಬರೂದೂ ಹೋಗೂದೂ ಒಂದ ಕಟ್ಟಿಮ್ಯಾಲ,
ಬೆನ್ನು ತಿರುಗಿಸಿದ್ರ ಮುಗೀತು.
ಆವಾಗ ಅದು ಭಾಳ ಚಲೋ ಅನಸಿತ್ತು.

ನಿನ್ನ ಅಂಗಿಗೆ ವಾರ್ನಿಶ್ ವಾಸನಿ. ನನ್ನ ಕೈಗೆ ಡೆಟ್ಟಾಲು.
"ಸಿಸ್ಟರ್" ಅಂತ ಕರದು, ನಾಲಿಗಿ ಕಚ್ಚಿ,
"ಛೀ, ಹಂಗಲ್ಲ" ಅಂದು ನೀ ಕೆಂಪಾಗಿದ್ದಕ್ಕ
ನಾ ನಕ್ಕಿದ್ದು
ನವನಗರದ ಇಡೀ ಸ್ಟಾಪಿಗೆ ಕೇಳಿತ್ತು.

ನನ್ನ ಟೇಬಲ್ ಫ್ಯಾನು ಸುಟ್ಟಾಗ
ತೊಡಿಮ್ಯಾಲ ಇಟ್ಕೊಂಡು ತಂದಿದ್ನಿ, ಕೂಸಿನಂಗ.
ಕರಕಲಾದ ತಂತಿ ಕಿತ್ತಿ, ಹೊಸಾದು ಎಣಿಸಿ ಎಣಿಸಿ ಸುತ್ತಿ
ತಲಿ ಎತ್ತದ ಹೇಳಿದ್ದಿ:
"ಎರಡ ವೈರು ಅದಲಬದಲ ಆದ್ರೂ ಫ್ಯಾನು ನಿಲ್ಲೂದಿಲ್ಲ ಲೀಲಾ,
ತಿರಗತೈತಿ. ಸಪ್ಪಳಾನೂ ಮಾಡತೈತಿ.
ಗಾಳಿ ಮಾತ್ರ ಗ್ವಾಡಿಗೆ ಹೋಗತೈತಿ."

ಜಗಳಾ ಆಗಿದ್ರ ಹೇಳಾಕರ ಬರತಿತ್ತು.
ಮನ್ಯಾಗ ಯಾರೂ ಬ್ಯಾಡ ಅನಲಿಲ್ಲ.
ನಿಮ್ಮವ್ವ ಎರಡ ಸಲ ಶೇಂಗಾ ಹೋಳಿಗಿ ಕಳಿಸಿದ್ಲು.
ನಮ್ಮಪ್ಪ ನಿನ್ನ ಹೆಸರು ಪೂರ್ತಿ ಹೇಳತಿದ್ದ, ಫಕ್ಕೀರೇಶ ಅಂತ,
ಕಾರ್ಡಿನ ಮ್ಯಾಲ ಹೆಂಗ ಕಾಣತೈತಿ ಅಂತ ನೋಡೂಹಂಗ.

ನನಗ ನೈಟ್ ಡ್ಯೂಟಿ ಬಂತು.
ಹದಿನೇಳನೇ ಬೆಡ್ಡಿನ ಅಜ್ಜ
ನನ್ನ ಕೈ ಹಿಡಕೊಂಡ ಹೋದ. ನಾ ಕಂಡ ಮೊದಲನೇ ಸಾವು.
ಬೆಳಕ ಹರಿಯೂದರಾಗ ಫೋನ್ ಹಚ್ಚಿ ಹೇಳಿದ್ರ
ನೀ ಒಂದ ಗಳಿಗಿ ಸುಮ್ನಿದ್ದು
"ನಾಷ್ಟಾ ಆತಾ?" ಅಂದಿ.
ಸಿಟ್ಟು ಬರಲಿಲ್ಲ ಫಕ್ಕೀರ,
ನಿದ್ದಿ ಬಂತು.

ನಾನೂ ಅಷ್ಟ.
ತಾಮ್ರದ ತೂಕ ಕಮ್ಮಿ ಬಂತಂತ
ಮಾಲಕ ನಿನ್ನ ಕಿಸೆ ತಡವಿದ ದಿನಾ
ನೀ ತಾಸುಗಟ್ಟಲೆ ಮಾತಾಡಿದಿ,
ನಾ ಹ್ಞೂಂ ಅನಕೋತ ಚಾರ್ಟ್ ತುಂಬಿದ್ನಿ.
ಏನ ಹೇಳಿದ್ದಿ ಅನ್ನೂದು
ವರ್ಷದ ಮ್ಯಾಲ ನಿನ್ನ ತಂಗಿ ಬಾಯಿಂದ ಗೊತ್ತಾತು.

ಒಂದ ಐತವಾರ ಇನ್ನೂರರದ್ದು ಬಂತು,
ಅದರ ಹಿಂದ ನೂರರದ್ದು.
ಯಾರು ಮೊದಲ ಹೆಜ್ಜಿ ಇಟ್ರೋ ನೆನಪಿಲ್ಲ,
ಇಬ್ರೂ ಹಿಂದಿಂದರಾಗ ಕುಂತಿದ್ವಿ.
ನವನಗರ ಕಾಚಿನ ಹೊರಗ ಸರದು ಹೋತು.
"ಲಗೂ ಮುಟ್ಟತೈತಿ" ಅಂದ್ನಿ ನಾನ.
"ಹೌದಲ್ಲಾ" ಅಂದಿ.
ಆ ಹೌದಲ್ಲಾದಾಗ
ಏನೂ ಇದ್ದಿಲ್ಲ. ಅದ ಇವತ್ತಿಗೂ ಚುಚ್ಚತೈತಿ.

ಆಮ್ಯಾಲ ಹದಿನೈದ ದಿನಕ್ಕೊಮ್ಮೆ. ಆಮ್ಯಾಲ ಹಬ್ಬಕ್ಕ.
ದಸರಾಕ್ಕ ಬನ್ನಿ ಕೊಡಾಕ ಬರಲಿಲ್ಲ ನೀ,
ಫೋನಿಗೆ ಬನ್ನಿ ಎಲಿಯ ಚಿತ್ರಾ ಬಂತು,
ಕೆಳಗ, ಊರಿಗೆಲ್ಲಾ ಕಳಿಸಿದ ಅದ ಸಾಲು:
ಬನ್ನಿ ತಗೊಂಡು ಬಂಗಾರದಂಗ ಇರೂಣು.
ನಾನೂ ಅದನ್ನ ಹೊಳ್ಳಿ ಕಳಿಸಿದ್ನಿ,
ಒಂದ ಅಕ್ಷರ ಬದಲಿ ಮಾಡದ.

ಮೊನ್ನೆ ಉಣಕಲ್ಲ ಕೆರಿ ಹತ್ತರ
ಎದುರ ಬಂದ ಬಸ್ಸಿನ ಕಿಡಕ್ಯಾಗ
ನಿನ್ನಂಗ ಒಬ್ಬ. ನೀನೋ, ಅಲ್ಲೋ.
ಕೈ ಎತ್ತೂದರಾಗ ದಾಟಿತು.
ಎತ್ತಿದ ಕೈಲೆ
ಮ್ಯಾಲಿನ ಕಂಬಿ ಹಿಡಕೊಂಡ್ನಿ.

ರೂಮಿಗೆ ಬಂದು ಫ್ಯಾನ್ ಹಚ್ಚಿದ್ನಿ.
ನಿನ್ನ ವೈಂಡಿಂಗು ಇನ್ನೂ ಗಟ್ಟಿ ಐತಿ ನೋಡು,
ಗಾಳಿ ಮಾರಿಗೇ ಬರಾಕತ್ತೈತಿ.
ಮುಂಜಾನೆ ಆರಕ್ಕ ಡ್ಯೂಟಿ.
ನೂರರದ್ದು ಐದೂವರಿಗೆ ಐತಿ.