ಬಿಲದಲ್ಲಿ ಉಳಿದದ್ದು

ಅಕ್ಟೋಬರಿನ ಸವೆದ ಚಂದ್ರ.
ಸವಾಯಿ ದ್ವೀಪದ ದಂಡೆಯಲ್ಲಿ ಬೆಳಗಿನ ಜಾವ ಮೂರೂವರೆ.
ಅತ್ತೆ ತೌಸಂಗಾ ಸೊಂಟದ ತನಕ ನೀರಿಗಿಳಿದು
ಸುಮ್ಮನೆ ನಿಂತಿದ್ದಾಳೆ, ಹಾಲು ಒಲೆಗಿಟ್ಟವಳ ಹಾಗೆ,
ಉಕ್ಕುವ ಮೊದಲೇ ಗೊತ್ತಾಗಬೇಕು.
ಕೊರಳಲ್ಲಿ ಮೊಸೊಓಯಿ ಹೂವಿನ ಹಾರ.
ಆ ವಾಸನೆಗೆ ಪಲೋಲೊ ಹುಳು ಮೇಲೆ ಬರುತ್ತದಂತೆ.
"ಹುಳುವಿಗೆ ಮೂಗೆಲ್ಲಿ?" ಅಂದಿದ್ದೆ ಒಮ್ಮೆ.
"ನಿನಗಿದೆಯಲ್ಲ, ಮೂಸು."

ಶಾಲೆಯಲ್ಲಿ ಜೀವಶಾಸ್ತ್ರ ಹೇಳುವವಳು ನಾನು.
ಹಲಗೆಯ ಮೇಲೆ ಎರಡು ಗೆರೆ ಎಳೆಯುತ್ತೇನೆ:
ಇದು ನಮ್ಮ ಮೈಯಲ್ಲಿ ದುಡಿಯುವ ಕೋಶಗಳದ್ದು,
ಚರ್ಮ, ಕರುಳು, ಸ್ನಾಯು, ಕಣ್ಣು.
ಇಲ್ಲಿಗೆ ಬಂದು ನಿಲ್ಲುತ್ತದೆ.
ಇನ್ನೊಂದು, ಮೊದಲ ವಾರಗಳಲ್ಲೇ ಪಕ್ಕಕ್ಕಿಟ್ಟದ್ದು,
ನಾಟಿಗೆಂದು ಎತ್ತಿಟ್ಟ ಕೆಸುವಿನ ದಂಟಿನ ಹಾಗೆ
ಯಾವ ಕೆಲಸವನ್ನೂ ಕಲಿಯದೆ ಕೂತದ್ದು.
ಅದರ ಗೆರೆ ಹಲಗೆ ದಾಟಿ ಗೋಡೆಗೂ ಹೋಗುತ್ತದೆ.
ಗೋಡೆ ಯಾಕೆ ಹಾಳು ಮಾಡುತ್ತೀರಿ ಅಂತ
ಮುಖ್ಯೋಪಾಧ್ಯಾಯರು ಕೇಳಿದ್ದೂ ಉಂಟು.

ಬಂತು.
ಮೊದಲು ಒಂದು ನೂಲು, ಆಮೇಲೆ ಹತ್ತು,
ಆಮೇಲೆ ಎಣಿಸುವ ಮಾತೇ ಇಲ್ಲ.
ಲಾಂದ್ರದ ಬೆಳಕಿಗೆ ನೀರೆಲ್ಲ ಶಾವಿಗೆ.
ಹೆಣ್ಣು ನೀಲಿಹಸಿರು, ಗಂಡು ಕಂದು.
ತಲೆಯಿಲ್ಲ, ಬಾಯಿಲ್ಲ,
ಮೈಯುದ್ದಕ್ಕೂ ಚುಕ್ಕೆ ಚುಕ್ಕೆ ಕಣ್ಣು,
ಒಳಗೆ ಒತ್ತಿ ತುಂಬಿದ ಅಂಡ, ವೀರ್ಯ.
ಇದು ಹುಳುವಲ್ಲ, ಹುಳು ಕಳಿಸಿದ ಅರ್ಧ.
ಬೆಳಕು ಹರಿದರೆ ಒಡೆದು ಕಡಲು ಗಂಜಿಯಾಗುತ್ತದೆ.
ಸಿಕ್ಕಿದ್ದಕ್ಕೆ ಸಿಕ್ಕಿದ್ದು.

ಕೆಳಗೆ ಹವಳದ ಬಿಲದಲ್ಲಿ
ತಲೆಯಿರುವ ಅರ್ಧ ಕೂತಿದೆ.
ಅದಕ್ಕಾಗಿ ಹಾರ ಹಾಕಿಕೊಂಡು ಯಾರೂ ಬರುವುದಿಲ್ಲ.

ಇಪ್ಪತ್ತಾರರಲ್ಲಿ, ಆಪಿಯಾದ ಆಸ್ಪತ್ರೆಯಲ್ಲಿ,
ಅತ್ತೆಯ ಎರಡೂ ಅಂಡಾಶಯ ತೆಗೆದು
ಸ್ಟೀಲಿನ ಬಟ್ಟಲಲ್ಲಿ ತೋರಿಸಿದಳಂತೆ ದಾದಿ.
"ಇಷ್ಟೇನಾ? ಇಷ್ಟಕ್ಕಾ ಇಷ್ಟು ರಾದ್ಧಾಂತ?"
ಆಮೇಲೆ ತಮ್ಮನ ಏಳು ಮಕ್ಕಳನ್ನು ಸಾಕಿದಳು.
ನಾನು ನಾಲ್ಕನೆಯವಳು.
ನಿಲ್ಲುವ ಗೆರೆಯ ತುದಿಗೆ ಬಂದಾಗಲೆಲ್ಲ
ನನ್ನ ಸೀಮೆಸುಣ್ಣ ತಡೆಯುತ್ತದೆ.

ಇವತ್ತು ನೀರಲ್ಲೇ ನಿಂತು ಬಿಲದ ಸಂಗತಿ ಹೇಳಿಬಿಟ್ಟೆ.
ಬಲೆ ಕೊಡವುತ್ತ ಕೇಳಿದಳು:
"ಬಾಲ ಮತ್ತೆ ಬೆಳೆಯುತ್ತಾ?"
"ಬೆಳೆಯುತ್ತೆ."
"ಮತ್ತೆ ಕಳಿಸುತ್ತಾ?"
"ಮುಂದಿನ ವರ್ಷ."
"ಹಾಗಾದರೆ ಮನೆ ಅದು. ಮೇಲೆ ಬಂದದ್ದು ಬುತ್ತಿ."
ಅಂದು, ಬಕೆಟ್ಟು ಹತ್ತಿರ ತಾ ಅಂದಳು.

ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ ಹುರಿದದ್ದಾಯಿತು.
ಕಡಲಿನದೇ ಉಪ್ಪು, ಬೇರೆ ಬೇಡ.
ತಮ್ಮ ಪೆನಿಯಾಮಿನನ ಮಗಳು, ಮೂರು ವರ್ಷದ್ದು,
ರೊಟ್ಟಿಯ ಚೂರು ಹಿಡಿದಿದೆ
ಹೆಬ್ಬೆರಳು ಒಳಗೆ ಮಡಚಿ,
ಅತ್ತೆ ಬಲೆಯ ಹಗ್ಗ ಹಿಡಿಯುವ ಹಾಗೆ.
ನಮ್ಮ ಮನೆಯಲ್ಲಿ ಬೇರೆ ಯಾರೂ ಹಾಗೆ ಹಿಡಿಯುವುದಿಲ್ಲ.

ಸೋಮವಾರ ಮೊದಲ ಪೀರಿಯಡ್ಡು ನನ್ನದೇ.
ಹಲಗೆ ಒರೆಸದೆ ಬಂದಿದ್ದೇನೆ.